ಬಣ್ಣ ಒಂದೇ, ಬಾಗಿಲು ಬೇರೆ

ವಕೀಲರ ಜಗಲಿ: ಓದುಗರ ಪ್ರಶ್ನೆಗೆ ಕಾರವಾರದಿಂದ ಉತ್ತರ

ಈ ತಿಂಗಳು ಬಂದ ಹದಿನೇಳು ಕಾಗದಗಳಲ್ಲಿ ಹನ್ನೊಂದು ಜಾಗದ ತಕರಾರು, ಎರಡು ಸೊಸೆಯಂದಿರ ಮೇಲಿನ ದೂರು. ಉಳಿದ ನಾಲ್ಕೂ ಒಂದಲ್ಲ ಒಂದು ರೀತಿ ಪೊಲೀಸರ ಸುತ್ತಲೇ ಇವೆ. ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಜಾಗದವರು ಬೇಸರಿಸಬಾರದು. ನಲವತ್ತು ವರ್ಷ ಕಾದ ವ್ಯಾಜ್ಯ ಇನ್ನೊಂದು ತಿಂಗಳು ಕಾದೀತು.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಕೊನೆಕೊಯ್ಲು ಮುಗಿಸಿ ಅವಳ ಬಾಣಂತನಕ್ಕೆ ನಾನೂ ಮನೆಯವಳೂ ಆರು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆಳಿಗ್ಗೆ ಎದ್ದು ಒಂದು ಸುತ್ತು ತಿರುಗಿ ಬರದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಹಿಂದೆ ಅಲ್ಲಿ ಹೀಗೇ ತಿರುಗಲು ಹೋದ ಗುಜರಾತಿನ ಅಜ್ಜನೊಬ್ಬನನ್ನು ಪೊಲೀಸರು ನೆಲಕ್ಕೆ ಕೆಡವಿದರಂತೆ, ಅವನು ಅವರ ಮೇಲೆ ‘ಫೆಡರಲ್ ಸಿವಿಲ್ ರೈಟ್ಸ್ ಕೇಸ್’ ಹಾಕಿ ಹಣ ಪಡೆದನಂತೆ. ಅಳಿಯ ಹೇಳಿದ. ಅದೇನು ಕೇಸು? ವೀಸಾದ ಮೇಲೆ ಹೋಗುವ ನಮ್ಮಂಥವರೂ ಹಾಕಬಹುದೇ?
ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ. ನಡೆದದ್ದು 2015ರ ಫೆಬ್ರುವರಿ 6ರಂದು, ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ. ಅವರಿಗೆ ಆಗ 57 ವರ್ಷ, ಅಜ್ಜ ಎಂದರೆ ಮೊಮ್ಮಗನ ಲೆಕ್ಕದಲ್ಲಿ ಅಷ್ಟೆ. ಮಗುವನ್ನು ನೋಡಿಕೊಳ್ಳಲೆಂದು ಮಗನ ಮನೆಗೆ ಬಂದು ಕೆಲವೇ ದಿನ ಆಗಿತ್ತು. ಬೆಳಿಗ್ಗೆ ಮನೆಯ ಮುಂದಿನ ರಸ್ತೆಯಲ್ಲಿ ಅಡ್ಡಾಡುತ್ತಿದ್ದರು. ಯಾರೋ ನೆರೆಯವರು ಪೊಲೀಸರಿಗೆ ಫೋನ್ ಮಾಡಿ, ಸಪೂರ ಕರಿಯ ಮನುಷ್ಯನೊಬ್ಬ ಮನೆಗಳನ್ನು ನೋಡುತ್ತ ತಿರುಗುತ್ತಿದ್ದಾನೆ ಎಂದರು. ಪೊಲೀಸರು ಬಂದು ನಿಲ್ಲಿಸಿ ಪ್ರಶ್ನೆ ಕೇಳಿದರು. ಇವರಿಗೆ ಗೊತ್ತಿದ್ದ ಇಂಗ್ಲಿಷ್ ‘ನೋ ಇಂಗ್ಲಿಷ್’, ‘ಇಂಡಿಯಾ’, ಮನೆಯ ನಂಬರು, ಇಷ್ಟೆ. ಒಬ್ಬ ಅಧಿಕಾರಿ ಇವರ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದವನು ಹಾಗೆಯೇ ಮುಖ ಅಡಿಯಾಗಿ ಕೆಡವಿದ. ಕೈ ಊರಲು ಕೈ ಖಾಲಿ ಇರಲಿಲ್ಲ. ಕತ್ತಿಗೆ ಶಸ್ತ್ರಚಿಕಿತ್ಸೆಯಾಯಿತು, ಮೈ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ. ಇದೆಲ್ಲ ಪೊಲೀಸ್ ಕಾರಿನದೇ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆ ರಾಜ್ಯದ ಗವರ್ನರ್ ಭಾರತ ಸರ್ಕಾರದ ಕ್ಷಮೆ ಕೇಳಿದರು.

ಇಲ್ಲಿ ಎರಡು ಕೇಸುಗಳಿವೆ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ನೋಡಿ. ಒಂದು ಕ್ರಿಮಿನಲ್: ಅಮೆರಿಕ ಸರ್ಕಾರವೇ ಆ ಅಧಿಕಾರಿಯ ಮೇಲೆ ಹಾಕಿದ್ದು. ಅದು 2015ರಲ್ಲಿ ಎರಡು ಸಲ ವಿಚಾರಣೆಗೆ ಬಂತು, ಎರಡು ಸಲವೂ ಜ್ಯೂರಿಯವರಲ್ಲಿ, ಅಂದರೆ ತೀರ್ಮಾನ ಹೇಳಲು ಕೂಡ್ರಿಸಿದ ಸಾಮಾನ್ಯ ಜನರಲ್ಲಿ, ಒಮ್ಮತ ಬರಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಅವನನ್ನು ಬಿಡುಗಡೆ ಮಾಡಿಬಿಟ್ಟರು. ಇನ್ನೊಂದು ಸಿವಿಲ್: ಪೆಟ್ಟು ತಿಂದವರು ತಾವೇ, ಘಟನೆಯಾದ ಒಂದು ವಾರದೊಳಗೆ, ಫೆಡರಲ್ ಕೋರ್ಟಿನಲ್ಲಿ ಹಾಕಿದ ಪರಿಹಾರದ ದಾವೆ. ಅದು ಆರು ವರ್ಷ ಎಳೆದು 2021ರಲ್ಲಿ 17.5 ಲಕ್ಷ ಡಾಲರಿಗೆ ರಾಜಿಯಾಯಿತು. ಕ್ರಿಮಿನಲ್‌ನಲ್ಲಿ ‘ಬೇಕೆಂದೇ ಹಕ್ಕು ಕಸಿದ’ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಸಿವಿಲ್‌ನಲ್ಲಿ ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದರೂ ಸಾಕು. ನಮ್ಮ ಕೋರ್ಟುಗಳಲ್ಲೂ ಈ ವ್ಯತ್ಯಾಸ ಹೀಗೇ ಇದೆ, ಕಕ್ಷಿದಾರರಿಗೆ ತಿಳಿಸಿ ಹೇಳುವುದೇ ಕಷ್ಟ.

ಆ ಸಿವಿಲ್ ದಾವೆಗೆ ಬುಡ 1871ರ ಒಂದು ಕಾಯ್ದೆ. ಅಲ್ಲಿಯ ವಕೀಲರು ಅದನ್ನು ‘ಸೆಕ್ಷನ್ 1983’ ಎನ್ನುತ್ತಾರೆ. ಅದು ಇಸವಿಯಲ್ಲ, ಕಲಮಿನ ಸಂಖ್ಯೆ. ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋಗಿ, ದಕ್ಷಿಣದ ರಾಜ್ಯಗಳಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನ ತಂಡ ಕರಿಯರನ್ನು ಹೊಡೆದು ಕೊಲ್ಲುತ್ತಿದ್ದ ಕಾಲ. ಊರಿನ ಶೆರೀಫ್, ಅಂದರೆ ಅಲ್ಲಿಯ ಪೊಲೀಸ್ ಮುಖ್ಯಸ್ಥ, ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಕೆಲವೆಡೆ ತಾನೇ ಮುಸುಕು ಹಾಕಿಕೊಳ್ಳುತ್ತಿದ್ದ. ಊರಿನ ಜಡ್ಜ್, ಊರಿನ ಜ್ಯೂರಿ ಎಲ್ಲ ಒಂದೇ ಪಂಕ್ತಿಯವರು. ಅಲ್ಲಿ ರಾಜ್ಯದ ಕೋರ್ಟುಗಳೇ ಬೇರೆ, ಕೇಂದ್ರದ ಕೋರ್ಟುಗಳೇ ಬೇರೆ. ನಮ್ಮ ಹಾಗೆ ಶಿರಸಿಯಿಂದ ದಿಲ್ಲಿಯವರೆಗೆ ಒಂದೇ ಏಣಿಯಲ್ಲ. ಹಾಗಾಗಿ ಊರ ಪೊಲೀಸನ ಮೇಲಿನ ದೂರನ್ನು ಊರ ಹೊರಗಿನ, ಅಂದರೆ ಫೆಡರಲ್, ನ್ಯಾಯಾಧೀಶರ ಮುಂದೆ ಇಡಲು ಬಾಗಿಲು ತೆರೆದರು. ‘ಫೆಡರಲ್’ ಎಂಬ ಮಾತಿನ ಗುಟ್ಟು ಅಷ್ಟೆ.

ತೆರೆದ ಬಾಗಿಲಿನಿಂದ ತೊಂಬತ್ತು ವರ್ಷ ಹೆಚ್ಚು ಜನ ಹೋಗಲಿಲ್ಲ ಎನ್ನುವುದೂ ಒಂದು ಸೋಜಿಗ. 1958ರಲ್ಲಿ ಶಿಕಾಗೋದಲ್ಲಿ ಹದಿಮೂರು ಪೊಲೀಸರು ಬೆಳಗಿನ ಜಾವ ಒಬ್ಬ ಕರಿಯನ ಮನೆಗೆ ನುಗ್ಗಿದರು. ಗಂಡ ಹೆಂಡತಿಯನ್ನು ಹಾಸಿಗೆಯಿಂದ ಎಬ್ಬಿಸಿ ಬೆತ್ತಲೆ ನಿಲ್ಲಿಸಿದರು, ಆರು ಮಕ್ಕಳು ಮನೆಯಲ್ಲಿದ್ದರು. ಮನೆಯ ಸಾಮಾನೆಲ್ಲ ಕಿತ್ತು ಹಾಕಿ, ಗಂಡನನ್ನು ಠಾಣೆಯಲ್ಲಿ ಹತ್ತು ತಾಸು ಕೂಡ್ರಿಸಿ, ಕೇಸಿಲ್ಲ ಎಂದು ಬಿಟ್ಟರು. ಪೊಲೀಸರ ವಕೀಲರ ವಾದ ಕೇಳಿ: ಹೀಗೆ ಮಾಡುವುದು ನಮ್ಮ ರಾಜ್ಯದ ಕಾನೂನಿಗೇ ವಿರುದ್ಧ, ಆದ್ದರಿಂದ ಇದು ಕಾನೂನಿನ ಹೆಸರಿನಲ್ಲಿ ಮಾಡಿದ್ದಲ್ಲ, ಈ ಕಾಯ್ದೆ ಹತ್ತುವುದಿಲ್ಲ! 1961ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸರ್ಕಾರ ಕೊಟ್ಟ ಅಧಿಕಾರವನ್ನು ಕೆಟ್ಟದ್ದಕ್ಕೆ ಬಳಸಿದರೂ ಅದು ಅಧಿಕಾರದ ಬಣ್ಣದಲ್ಲೇ, ಅಂದರೆ ಅದರ ಹೆಸರಿನಲ್ಲೇ, ಮಾಡಿದ್ದು ಎಂದಿತು. ಮನ್ರೋ ವರ್ಸಸ್ ಪೇಪ್ ಎನ್ನುತ್ತಾರೆ ಆ ತೀರ್ಪನ್ನು. ಈ ‘ಬಣ್ಣ’ದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಾಗದಕ್ಕೆ ಬೇಕು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹಾಕಬಹುದು. ಆ ಕಲಮಿನಲ್ಲಿ ‘ಪ್ರಜೆ’ ಎಂದಷ್ಟೇ ಇಲ್ಲ, ‘ಅಥವಾ ಈ ದೇಶದ ವ್ಯಾಪ್ತಿಯಲ್ಲಿರುವ ಬೇರೆ ಯಾವುದೇ ವ್ಯಕ್ತಿ’ ಎಂದೂ ಇದೆ. ವಿಮಾನದಿಂದ ಇಳಿದು ಮೂರು ದಿನವಾದ ಬಾಣಂತನದ ಅಜ್ಜ ಅಜ್ಜಿಯೂ ಅದರೊಳಗೆ ಬರುತ್ತಾರೆ. ಆದರೆ ಇದು ಊರಿನ, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ), ರಾಜ್ಯದ ಪೊಲೀಸರಿಗೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವರು ಕೇಂದ್ರದವರು, ಅವರಿಗೆ ಈ ಕಲಮು ತಾಗುವುದಿಲ್ಲ.

ಕೇಳಲು ಇದು ಚೆನ್ನಾಗಿದೆ ಎಂದು ಅದನ್ನೇ ರಾಮರಾಜ್ಯ ಅಂದುಕೊಳ್ಳಬೇಡಿ. ಅಲ್ಲಿಯ ಪೊಲೀಸರಿಗೆ ಒಂದು ಗುರಾಣಿ ಇದೆ, ಕ್ವಾಲಿಫೈಡ್ ಇಮ್ಯುನಿಟಿ ಎಂದು. ಅದು ಶಾಸನದಲ್ಲಿ ಬರೆದದ್ದಲ್ಲ, ಸುಪ್ರೀಂ ಕೋರ್ಟೇ 1967ರಿಂದೀಚೆ ಕಟ್ಟಿದ್ದು. ಹಿಂದೆ ಹೆಚ್ಚೂಕಡಿಮೆ ಇಂಥದ್ದೇ ಸಂದರ್ಭದಲ್ಲಿ ಇದು ತಪ್ಪು ಎಂದು ಸ್ಪಷ್ಟ ತೀರ್ಪು ಇಲ್ಲದಿದ್ದರೆ ಅಧಿಕಾರಿ ಪಾರು. ಟೆನೆಸಿ ರಾಜ್ಯದಲ್ಲಿ ಕಳವಿಗೆ ನುಗ್ಗಿದವನೊಬ್ಬ ಸಿಕ್ಕಿಬಿದ್ದು, ನೆಲಮಾಳಿಗೆಯಲ್ಲಿ ಕೈ ಮೇಲೆತ್ತಿ ಕುಳಿತಿದ್ದಾಗ ಪೊಲೀಸ್ ನಾಯಿಯನ್ನು ಅವನ ಮೇಲೆ ಬಿಟ್ಟರು. ಹಿಂದಿನ ತೀರ್ಪೊಂದರಲ್ಲಿ, ಶರಣಾಗಿ ಮಲಗಿದವನ ಮೇಲೆ ನಾಯಿ ಬಿಡುವುದು ತಪ್ಪು ಎಂದಿತ್ತು. ಇವನು ಮಲಗಿರಲಿಲ್ಲ, ಕೈ ಎತ್ತಿ ಕುಳಿತಿದ್ದ, ಅದು ಬೇರೆ ಎಂದಿತು ಕೋರ್ಟು! 2020ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲೂ ಇಲ್ಲ. ನಮ್ಮ ಗುಜರಾತಿನವರ ಕೇಸಿನಲ್ಲೂ ಅಧಿಕಾರಿ ಇದೇ ಗುರಾಣಿ ಹಿಡಿದಿದ್ದ. ಅದೇ ವರ್ಷ ಮೇಲ್ಮನವಿ ಕೋರ್ಟು ಅದನ್ನು ಕೆಳಗಿಳಿಸಿದ ಮೇಲೇ ರಾಜಿಯ ಮಾತು ಮುಗಿಯಿತು. ಕಾರಿನ ಕ್ಯಾಮೆರಾ ಇಲ್ಲದಿದ್ದರೆ ಏನಾಗುತ್ತಿತ್ತೋ, ನಾನು ಹೇಳಲಾರೆ.

ಹೊರಡುವ ಮುಂಚೆ ಒಂದೆರಡು ಮಾತು. ಮಗಳ ಹೆಸರು, ಮನೆ ವಿಳಾಸ, ಫೋನ್ ನಂಬರು, ‘ನನಗೆ ಇಂಗ್ಲಿಷ್ ಬರುವುದಿಲ್ಲ, ಇವರಿಗೆ ಫೋನ್ ಮಾಡಿ’ ಎಂಬ ಸಾಲು, ಇಷ್ಟನ್ನು ದಪ್ಪ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆಸಿ ಕೊರಳಿಗೋ ಅಂಗಿಯ ಹೊರ ಕಿಸೆಗೋ ಹಾಕಿಕೊಳ್ಳಿ. ಪೊಲೀಸರು ನಿಲ್ಲಿಸಿದರೆ ನಿಲ್ಲಿ, ಎರಡೂ ಕೈ ಕಾಣುವ ಹಾಗೆ ಇಡಿ. ನೀವು ಕವಳ ಹಾಕುವವರೋ ಅಲ್ಲವೋ ತಿಳಿಯದು, ಹಾಕುವವರಾದರೆ ಆ ಹೊತ್ತಿನಲ್ಲಿ ಸಂಚಿಗೆಂದು ಕಿಸೆಗೆ ಕೈ ಹಾಕಬೇಡಿ. ಅಲ್ಲಿ ಬಂದೂಕು ಎಲ್ಲರ ಬಳಿಯೂ ಇರಬಹುದಾದ್ದರಿಂದ ಕಿಸೆಗೆ ಹೋದ ಕೈಯನ್ನು ಪೊಲೀಸ್ ಬೇರೆಯೇ ಓದುತ್ತಾನೆ. ದೇವರು ದೊಡ್ಡವನು, ಏನೂ ಆಗುವುದಿಲ್ಲ. ಆದರೆ ಆದರೆ, ಅಂದೇ ಆಸ್ಪತ್ರೆ, ಅಂದೇ ಫೋಟೊ, ಅಂದೇ ವಕೀಲರು. ದಾವೆಗೆ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅಲಬಾಮಾದಲ್ಲಿ ಎರಡು ವರ್ಷ. ಫೀಸಿಗೆ ಹೆದರಬೇಡಿ. ಅಲ್ಲಿ ವಕೀಲರು ಗೆದ್ದರೆ ಪಾಲು ಎಂಬ ಮಾತಿನ ಮೇಲೆ ಕೇಸು ಹಿಡಿಯುತ್ತಾರೆ. ಗೆದ್ದವರ ವಕೀಲರ ಫೀಸನ್ನು ಎದುರಿನವರೇ ಕೊಡಬೇಕೆಂದು 1976ರಿಂದ ಕಾನೂನೇ ಇದೆ. ಇಲ್ಲಿ ನಾನು ಪಾಲಿನ ಮಾತಾಡಿದರೆ ಬಾರ್ ಕೌನ್ಸಿಲ್ ನನ್ನ ಸನ್ನದಿಗೇ ಕೈ ಹಾಕಬಹುದು.

ಪ್ರಶ್ನೆ: ಮೇಡಂ, ನಾನು ಮೀನು ಮಾರುವವಳು. ಈ ಕಾಗದ ಬರೆದದ್ದು ಪಕ್ಕದ ಮನೆಯ ಹುಡುಗಿ. ನನ್ನ ಮಗನಿಗೆ 20 ವರ್ಷ. ನಾಲ್ಕು ತಿಂಗಳ ಹಿಂದೆ ಬೈಕ್ ತಾಗಿದ ಜಗಳದಲ್ಲಿ ರಾತ್ರಿ ಠಾಣೆಗೆ ಎಳೆದುಕೊಂಡು ಹೋದರು. ಬೆಳಗಾಗುವವರೆಗೆ ಕೂಡ್ರಿಸಿ ಹೊಡೆದರು. ಬೆಳಿಗ್ಗೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅದರ ಒಂದು ಪ್ರತಿ ಬಿಟ್ಟರೆ ಕೇಸೂ ಇಲ್ಲ, ಬೇರೆ ಕಾಗದವೂ ಇಲ್ಲ. ಎಡಗಿವಿ ಕೇಳುತ್ತಿಲ್ಲ, ಕೀವು ಬರುತ್ತದೆ. ಅಮೆರಿಕದಲ್ಲಿ ಪೊಲೀಸರ ಮೇಲೆ ಕೇಸು ಹಾಕಿ ಕೋಟಿಗಟ್ಟಲೆ ತೆಗೆದುಕೊಳ್ಳುತ್ತಾರೆ ಎಂದು ಮೊಬೈಲಿನಲ್ಲಿ ಬರುತ್ತದೆ. ನಾವೂ ಹಾಕಬಹುದೋ? ಹಾಕಿದರೆ ಮಗನನ್ನು ಮತ್ತೆ ಹಿಡಿಯುತ್ತಾರೋ?
(ಹೆಸರನ್ನೂ ಊರನ್ನೂ ನಾನೇ ತೆಗೆದಿದ್ದೇನೆ.)

ಉತ್ತರ: ಅವ್ವಾ, ಮೊದಲು ಕಿವಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಕಿವಿ ಡಾಕ್ಟರಿಗೆ ತೋರಿಸಿ. ಚೀಟಿ ಮಾಡಿಸುವಾಗ ‘ಹೇಗಾಯಿತು’ ಎಂದು ಕೇಳುತ್ತಾರೆ. ಇಂಥ ದಿನ ಇಂಥ ಠಾಣೆಯಲ್ಲಿ ಹೊಡೆದದ್ದರಿಂದ ಎಂದು ಮಗನೇ ಬಾಯಿಬಿಟ್ಟು ಹೇಳಲಿ, ಡಾಕ್ಟರು ಅದನ್ನೇ ಬರೆದರೋ ಎಂದು ಓದಿಸಿಕೊಳ್ಳಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕೋಟು ಹಾಕಿದ ಹೊಸತು, ಇಪ್ಪತ್ತೈದು ವರ್ಷದ ಮೇಲಾಯಿತು. ದೋಣಿಯ ಇಂಜಿನ್ ಕಳುವಾಗಿದೆ ಎಂದು ಒಬ್ಬ ಹುಡುಗನನ್ನು ಧಕ್ಕೆಯಿಂದ ಹಿಡಿದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡಿದ್ದರು. ಅವನದೂ ಕಿವಿಯೇ. ತಮಟೆ ಹರಿದಿತ್ತು. ಅವನ ತಾಯಿ ತಂದುಕೊಟ್ಟ ಆಸ್ಪತ್ರೆ ಚೀಟಿ ಈಗಲೂ ನನ್ನ ಕಣ್ಣ ಮುಂದಿದೆ: ತಿಳಿ ಹಸಿರು ಕಾಗದ, ಒಂದು ಮೂಲೆಯಲ್ಲಿ ಎಣ್ಣೆಯ ಕಲೆ, ನಡುವೆ ನೀಲಿ ಶಾಯಿಯಲ್ಲಿ ಒಂದು ಸಾಲು, ‘ಬಚ್ಚಲಲ್ಲಿ ಜಾರಿ ಬಿದ್ದದ್ದು’. ಡಾಕ್ಟರು ಕೇಳಿದಾಗ ಹುಡುಗ ಹಾಗೆಯೇ ಹೇಳಿದ್ದ. ಕರೆದುಕೊಂಡು ಹೋದ ಪೇದೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದಾಗ ಇನ್ನೇನು ಹೇಳಿಯಾನು? ಮೂರು ವರ್ಷ ನಾನು ಆ ಒಂದು ಸಾಲಿನ ಜತೆ ಗುದ್ದಾಡಿದೆ. ಸಾಲು ಗೆದ್ದಿತು. ಹುಡುಗ ಗೋವೆಗೆ ಹೋಗಿ ಟ್ರಾಲರ್ ಹತ್ತಿದ. ಒಮ್ಮೆ ಊರಿಗೆ ಬಂದವನು ನನಗೆಂದು ಒಂದು ಬುಟ್ಟಿ ಇಸೋಣ ತಂದಿದ್ದ. ನಾನು ಮಾತಾಡಿಸುವಾಗ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಈಗ ಕೇಸಿನ ಮಾತು. ಮೇಲೆ ಶಿರಸಿಯವರಿಗೆ ‘ಬಣ್ಣ’ದ ಮಾತು ಹೇಳಿದೆನಲ್ಲ. ಅಮೆರಿಕದ ಆ ಕಲಮು ‘ಕಾನೂನಿನ ಬಣ್ಣದಲ್ಲಿ’ ಹಕ್ಕು ಕಸಿದವನ ಮೇಲೆ ದಾವೆ ಹೂಡಬಹುದು ಎನ್ನುತ್ತದೆ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೆಯ ಕಲಮಿನಲ್ಲೂ ಅದೇ ಇಂಗ್ಲಿಷ್ ಶಬ್ದವಿದೆ, ‘ಕಲರ್’. ಕರ್ತವ್ಯದ ಬಣ್ಣದಲ್ಲಿ, ಅಥವಾ ಕರ್ತವ್ಯ ಮೀರಿ, ಪೊಲೀಸ್ ಮಾಡಿದ ತಪ್ಪಿಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆಯನ್ನಾಗಲಿ ದಾವೆಯನ್ನಾಗಲಿ ಕೋರ್ಟು ತೆಗೆದುಕೊಳ್ಳಬಾರದು ಎಂದು. ನಮ್ಮ ಕಡೆಯವರಿಗೆ ಯಕ್ಷಗಾನದ ಆಟದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಚೌಕಿಯಲ್ಲಿ ಬಣ್ಣ ಬಳಿದುಕೊಂಡು ರಂಗಕ್ಕೆ ಬಂದವನು ಆಟ ಬಿಟ್ಟು ಪ್ರೇಕ್ಷಕನಿಗೆ ಹೊಡೆದ ಅನ್ನಿ. ಅಮೆರಿಕದ ಕಾಯ್ದೆ ಹೇಳುತ್ತದೆ: ಬಣ್ಣ ಹಚ್ಚಿಕೊಂಡೇ ಹೊಡೆದನಲ್ಲ, ಅದಕ್ಕೇ ಹಿಡಿಯಿರಿ. ನಮ್ಮ 170 ಹೇಳುತ್ತದೆ: ಬಣ್ಣದಲ್ಲಿದ್ದಾನೆ, ಮುಟ್ಟುವ ಮೊದಲು ಮೇಳದ ಯಜಮಾನರನ್ನು ಕೇಳಿಕೊಂಡು ಬನ್ನಿ. ಒಂದೇ ಶಬ್ದ ಅಲ್ಲಿ ಬಾಗಿಲು, ಇಲ್ಲಿ ಅಗಳಿ. ನನಗೆ ಇದು ಅರ್ಥವಾದದ್ದು ಪುಸ್ತಕ ಓದಿ ಅಲ್ಲ. ಆ ದೋಣಿ ಹುಡುಗನ ಕೇಸಿನಲ್ಲಿ ಪೂರ್ವಾನುಮತಿಯ ಅರ್ಜಿ ಬೆಂಗಳೂರಿಗೆ ಹೋಗಿ ತಿರುಗಿ ಬರಲೇ ಇಲ್ಲ.

ಯಾವ ಏಟು ಕರ್ತವ್ಯದ ಬಣ್ಣದ್ದು, ಯಾವುದು ಅಲ್ಲ ಎಂಬುದರ ಮೇಲೆ ತೀರ್ಪುಗಳು ಎರಡೂ ಕಡೆ ಇವೆ. 2020ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ತಕ್ಕಮಟ್ಟಿನ ಸಂಬಂಧ ಇದ್ದರೆ ಹದ ಮೀರಿದರೂ ಅನುಮತಿ ಬೇಕೇ ಬೇಕು ಎಂದಿತು. ಠಾಣೆಯೊಳಗೆ ಬಡಿಯುವುದು ಯಾರ ಕರ್ತವ್ಯವೂ ಅಲ್ಲ ಎಂದ ತೀರ್ಪುಗಳೂ ಇವೆ. ನಾನು ವಾದಿಸುವಾಗ ಎರಡನೆಯದನ್ನು ಹಿಡಿಯುತ್ತೇನೆ, ಎದುರಿನವರು ಮೊದಲನೆಯದನ್ನು.

ಆದರೆ ಅಗಳಿ ಇಲ್ಲದ ಬಾಗಿಲು ನಮಗೂ ಒಂದಿದೆ. ಅದನ್ನು ತೆರೆಸಿದವರಲ್ಲಿ ನಿಮ್ಮ ಹಾಗೆ ಒಬ್ಬಳು ತಾಯಿ. ಒಡಿಶಾದ ನೀಲಾಬತಿ ಬೆಹೆರಾ. 1987ರ ಡಿಸೆಂಬರಿನಲ್ಲಿ ಅವಳ 22 ವರ್ಷದ ಮಗನನ್ನು ಪೊಲೀಸರು ಕರೆದುಕೊಂಡು ಹೋದರು. ಮರುದಿನ ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಅವಳು ವಕೀಲರನ್ನು ಹಿಡಿಯಲಿಲ್ಲ, ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದಳು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ (ಸರ್ಕಾರ ಹಕ್ಕು ಮುರಿಯಿತೆಂದು ನೇರ ಮೇಲಿನ ಕೋರ್ಟಿಗೆ ಕೊಡುವ ಅರ್ಜಿ) ಎಂದು ತೆಗೆದುಕೊಂಡು, 1993ರಲ್ಲಿ ರಾಜ್ಯ ಸರ್ಕಾರ ಒಂದೂವರೆ ಲಕ್ಷ ಕೊಡಬೇಕೆಂದಿತು. ಹತ್ತು ವರ್ಷ ಮೊದಲು, 1983ರಲ್ಲಿ, ಬಿಹಾರದ ರುದುಲ್ ಸಾಹ ಎಂಬವನಿಗೂ ಹೀಗೆ ಕೊಡಿಸಿತ್ತು. ಅವನು ನಿರ್ದೋಷಿ ಎಂದು ತೀರ್ಪಾದ ಮೇಲೂ 14 ವರ್ಷ ಜೈಲಿನಲ್ಲಿದ್ದ. ಸಿಕ್ಕಿದ್ದು ಒಟ್ಟು 35,000 ರೂಪಾಯಿ. ಮೊಬೈಲಿನ ಕೋಟಿಗಳನ್ನು ಮರೆತುಬಿಡಿ ಎಂದು ಹೇಳುವುದಕ್ಕೇ ಈ ಅಂಕಿ ಕೊಟ್ಟೆ.

ಈ ರಿಟ್ ಅರ್ಜಿ ಸಂವಿಧಾನದ 226ನೆಯ ವಿಧಿಯ ಕೆಳಗೆ ಹೈಕೋರ್ಟಿಗೆ, ನಮ್ಮ ಜಿಲ್ಲೆಗೆ ಧಾರವಾಡ ಪೀಠಕ್ಕೆ. ಪರಿಹಾರ ಕೇಳುವುದು ಸರ್ಕಾರವನ್ನು, 170ರ ಅನುಮತಿಯ ಗೋಜಿಲ್ಲ. ಆದರೆ ಅಲ್ಲಿ ಸಾಕ್ಷಿಗಳನ್ನು ಕಟಕಟೆಗೆ ಕರೆದು ವಿಚಾರಿಸುವುದಿಲ್ಲ, ಕಾಗದ ನೋಡಿ ತೀರ್ಮಾನಿಸುತ್ತಾರೆ. ಕಾಗದದಲ್ಲೇ ಎರಡು ಮಾತಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಕಿವಿಯ ಚೀಟಿಗೆ ನಾನು ಜೋತುಬಿದ್ದದ್ದು ಇದಕ್ಕೇ. ಮಗನನ್ನು ಬಂಧಿಸಿದ್ದಾದರೆ ಬಂಧನದ ಮೆಮೊ ಬರೆದು ಮನೆಯವರದೋ ಊರಿನವರದೋ ಸಹಿ ಹಾಕಿಸಬೇಕಿತ್ತು, ನಿಮಗೆ ತಿಳಿಸಬೇಕಿತ್ತು, ವೈದ್ಯರಿಗೆ ತೋರಿಸಬೇಕಿತ್ತು. ಇವು 1996ರ ಡಿ.ಕೆ. ಬಸು ತೀರ್ಪಿನ ನಿಯಮಗಳು, ಈಗ ಕಾನೂನಿನಲ್ಲೇ ಸೇರಿವೆ. ಬಂಧಿಸಿಲ್ಲ ಎನ್ನುವುದಾದರೆ ರಾತ್ರಿ ಇಡೀ ಏಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕು. ಆ ಮುಚ್ಚಳಿಕೆಯೇ ನಿಮ್ಮ ಸಾಕ್ಷಿ. ಅದರಲ್ಲಿ ತಾರೀಕು ಇದೆ, ಠಾಣೆಯ ಹೆಸರಿದೆ, ಅಂದು ಅವನು ಅಲ್ಲಿದ್ದ ಎಂದು ಅವರೇ ಬರೆದುಕೊಟ್ಟ ಹಾಗೆ.

ಇದರ ಜತೆಗೆ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಿರಿ, ಆದರೆ ಘಟನೆಯಾದ ಒಂದು ವರ್ಷದೊಳಗೆ. ಪೊಲೀಸ್ ದೂರು ಪ್ರಾಧಿಕಾರ ಎಂಬುದೂ ಇದೆ, 2006ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹುಟ್ಟಿದ್ದು. ಅರ್ಜಿ ಕೊಡಿ, ಕೊಟ್ಟು ಸುಮ್ಮನೆ ಕೂರಬೇಡಿ. ವಕೀಲರಿಗೆ ದುಡ್ಡು ಬೇಡ. ನೀವು ಹೆಂಗಸು, ಅಷ್ಟೇ ಸಾಕು, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ನಿಮ್ಮ ಹಕ್ಕು. ಆದಾಯದ ಸರ್ಟಿಫಿಕೇಟ್ ತನ್ನಿ ಎಂದು ಯಾರಾದರೂ ಅಂದರೆ ನನ್ನ ಹೆಸರು ಹೇಳಿ.

ಮಗನನ್ನು ಮತ್ತೆ ಹಿಡಿಯುತ್ತಾರೋ ಎಂದು ಕೇಳಿದಿರಿ. ಇಲ್ಲ ಎಂದು ನಾನು ಬರೆದುಕೊಡಲಾರೆ. ಅರ್ಜಿಯ ಒಂದೊಂದು ಪ್ರತಿಯನ್ನು ಎಸ್‌ಪಿಯವರಿಗೆ, ಹೈಕೋರ್ಟಿನ ರಿಜಿಸ್ಟ್ರಾರರಿಗೆ, ಆಯೋಗಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿದ ಮೇಲೆ ಹಿಡಿಯುವ ಕೈ ಒಮ್ಮೆ ಯೋಚಿಸುತ್ತದೆ. ನನ್ನ ಅನುಭವದಲ್ಲಿ, ಗುಟ್ಟಾಗಿ ಅಲೆದವರಿಗೆ ಆದ ತೊಂದರೆ ಬಹಿರಂಗವಾಗಿ ಬರೆದವರಿಗೆ ಆದದ್ದಕ್ಕಿಂತ ಹೆಚ್ಚು.

ಪ್ರಶ್ನೆ: ಪತ್ರಿಕೆಗಳಲ್ಲಿ ‘ಸಿವಿಲ್ ರೈಟ್ಸ್ ಕೇಸ್’ ಎಂದು ಬರುತ್ತದೆ. ನನ್ನದು ಗದ್ದೆಯ ಅಂಚಿನ ಸಿವಿಲ್ ಕೇಸು, 22 ವರ್ಷದಿಂದ ನಡೆಯುತ್ತಿದೆ. ಎರಡೂ ಒಂದೇ ಜಾತಿಯೋ?
ನಿವೃತ್ತ ಶಿಕ್ಷಕ, ಹೊನ್ನಾವರ

ಉತ್ತರ: ಮಾಸ್ತರೇ, ಹೆಸರಿನಲ್ಲಿ ದಾಯಾದಿಗಳು, ಅಷ್ಟೆ. ಸಿವಿಲ್ ಕೇಸಿನ ‘ಸಿವಿಲ್’ ಅಂದರೆ ಜೈಲಿಲ್ಲದ, ಹಣದ ಅಥವಾ ಹಕ್ಕಿನ ವ್ಯಾಜ್ಯ. ಸಿವಿಲ್ ರೈಟ್ಸ್ ಅಂದರೆ ನಾಗರಿಕನಾಗಿ, ಮನುಷ್ಯನಾಗಿ ನಿಮಗಿರುವ ಹಕ್ಕು, ಅದನ್ನು ಮುರಿದವನು ಸಾಮಾನ್ಯವಾಗಿ ಸರ್ಕಾರದ ಮನುಷ್ಯ. ನಿಮ್ಮ ಅಂಚು ಒತ್ತಿದವರು ಪಕ್ಕದ ಗದ್ದೆಯವರು. ಅವರು ನಿಮ್ಮ ಸೋದರಳಿಯನೇ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೀರಿ. ಆ ಕೇಸಿಗೆ ಔಷಧ ಮುಂದಿನ ತಿಂಗಳು.

ಪ್ರಶ್ನೆ: ನಾನು ಮೂವತ್ತೆರಡು ವರ್ಷ ಖಾಕಿ ಹಾಕಿದವನು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತ. ಶಿರಸಿ ಮಾರಿಕಾಂಬಾ ಜಾತ್ರೆಯ ಬಂದೋಬಸ್ತಿನಲ್ಲಿ ನಿಂತ ಕಾಲಿನಲ್ಲಿ ದಿನಗಟ್ಟಲೆ ಕಳೆದಿದ್ದೇವೆ. ನಿಮ್ಮ ಅಂಕಣದಲ್ಲಿ ಯಾವಾಗಲೂ ಪೊಲೀಸರೇ ತಪ್ಪಿತಸ್ಥರು. ಮೇಲಿನವರು ಹೇಳಿದ್ದನ್ನು ಮಾಡಿದ ಪೇದೆಯ ಮನೆಯನ್ನೂ ಅಮೆರಿಕದಲ್ಲಿ ಹರಾಜು ಹಾಕುತ್ತಾರೋ?
ಕಾರವಾರ

ಉತ್ತರ: ನನ್ನ ಸೋದರಮಾವನೂ ನಿಮ್ಮ ಹುದ್ದೆಯಲ್ಲೇ ನಿವೃತ್ತರಾದವರು. ಜಾತ್ರೆ ಮುಗಿಸಿ ಬಂದವರು ಬೂಟು ಬಿಚ್ಚಿದರೆ ಪಾದದ ಮೇಲೆ ಲೇಸಿನ ಗುರುತು ಎರಡು ದಿನ ಇರುತ್ತಿತ್ತು. ಅತ್ತೆ ಬಿಸಿನೀರಿನ ಬೋಗುಣಿ ಇಡುತ್ತಿದ್ದರು. ಅವರು ಯಾರನ್ನೂ ಹೊಡೆದಿರಲಿಲ್ಲ ಎಂದು ನಾನು ಹೇಳಲಾರೆ. ಕೇಳಿದ್ದೆ, ಉತ್ತರ ಕೊಡಲಿಲ್ಲ.

ನಿಮ್ಮ ಪ್ರಶ್ನೆಗೆ: ಹರಾಜು ಹಾಕುವುದಿಲ್ಲ. ಅಲ್ಲಿಯ ಕಾನೂನಿನ ಪ್ರಾಧ್ಯಾಪಕಿಯೊಬ್ಬರು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದ ಪ್ರಕಾರ, ಇಂಥ ದಾವೆಗಳಲ್ಲಿ ಜನರಿಗೆ ಸಿಕ್ಕ ಹಣದಲ್ಲಿ ನೂರಕ್ಕೆ 99.98 ಭಾಗವನ್ನು ಕೊಟ್ಟದ್ದು ಸರ್ಕಾರಗಳೇ. ದಾವೆಯಲ್ಲಿ ಹೆಸರು ಪೊಲೀಸನದು, ಹಣ ಊರಿನದು. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಮೊಣಕಾಲಿಟ್ಟು ಕೊಂದದ್ದಕ್ಕೆ ಅವರ ಮನೆಯವರು ಹಾಕಿದ ದಾವೆ 2021ರ ಮಾರ್ಚಿನಲ್ಲಿ 2.7 ಕೋಟಿ ಡಾಲರಿಗೆ ರಾಜಿಯಾಯಿತು. ಕೊಟ್ಟದ್ದು ಆ ನಗರ. ತಮಾಷೆ ಎಂದರೆ, ನಗರವನ್ನೇ ಪ್ರತಿವಾದಿ ಮಾಡಿ ಗೆಲ್ಲಬೇಕಾದರೆ ಒಬ್ಬ ಪೊಲೀಸ್ ತಪ್ಪು ಮಾಡಿದ ಎಂದು ತೋರಿಸಿದರೆ ಸಾಲದು. ನಗರದ ಧೋರಣೆಯೋ ರೂಢಿಯೋ ಹಾಗಿತ್ತು ಎಂದು ತೋರಿಸಬೇಕು. ಇದು 1978ರ ತೀರ್ಪು. ಮೇಲಿನವರು ಹೇಳಿದ್ದು, ಹೇಳದೆ ಬಿಟ್ಟದ್ದು, ಕಲಿಸದೆ ಕಳಿಸಿದ್ದು ಎಲ್ಲ ಅಲ್ಲಿ ಹೊರಗೆ ಬರುತ್ತದೆ. ನೀವು ಹೇಳುವ ಪೇದೆಗೆ ನಿಜವಾಗಿ ಬೇಕಾದ ಕೇಸು ಅದೇ ಅಲ್ಲವೇ? ಇಲ್ಲಿ ಇಲಾಖಾ ವಿಚಾರಣೆ ಆದಾಗೆಲ್ಲ ನಾನು ನೋಡಿದ್ದು, ಅಮಾನತಾಗುವುದು ಪೇದೆ, ವರ್ಗವಾಗುವುದು ಪಿಎಸ್‌ಐ, ಅದಕ್ಕಿಂತ ಮೇಲೆ ಯಾರಿಗೂ ಏನೂ ಆಗುವುದಿಲ್ಲ.

ನಿಮ್ಮ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ಅಳಿಸಿದ್ದೀರಿ. ಬೆಳಕಿಗೆ ಹಿಡಿದರೆ ಓದಬಹುದು. ಠಾಣೆಯ ಕ್ಯಾಮೆರಾದ ಬಗ್ಗೆ. ಅಳಿಸಿದ್ದನ್ನು ಅಚ್ಚು ಹಾಕುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ಎರಡನೆಯ ಕಾಗದದ ಅವ್ವನಿಗೆ ಇನ್ನೊಂದು ಮಾತು ಸೇರಿಸಬೇಕಾಯಿತು.

ಅವ್ವಾ, 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಮಾತೂ ಕೇಳುವ ಸಿಸಿ ಕ್ಯಾಮೆರಾ ಇರಬೇಕು, ದಾಖಲೆಯನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಎಂದಿದೆ. ನಿಮ್ಮ ಮಗನದಾಗಿ ನಾಲ್ಕು ತಿಂಗಳು. ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಐದು. ಆ ರಾತ್ರಿಯ ತಾರೀಕು, ಕರೆದುಕೊಂಡು ಹೋದ ಹೊತ್ತು, ಬಿಟ್ಟ ಹೊತ್ತು ಬರೆದು, ಅಷ್ಟು ಹೊತ್ತಿನ ದಾಖಲೆ ಅಳಿಸದೆ ತೆಗೆದಿಡಿ ಎಂದು ಎಸ್‌ಪಿಯವರಿಗೆ ಒಂದು ಅರ್ಜಿ ಇವತ್ತೇ ಹಾಕಿ. ಸ್ಪೀಡ್ ಪೋಸ್ಟಿನ ರಸೀದಿಯನ್ನು ಮುಚ್ಚಳಿಕೆಯ ಪ್ರತಿಯೊಂದಿಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ಮೀನಿನ ಬುಟ್ಟಿಯಿಂದ ದೂರ. ನನಗೆ ಜೆರಾಕ್ಸ್ ಮಾತ್ರ ಕಳಿಸಿ.